ಬೇರೆ ಇಟ್ಟ ಮೊದಲ ಲೋಟ

ಈ ಕಥೆಯನ್ನು ಮೊದಲು ಹೇಳಿದವಳು ಇಸ್ತ್ರಿ ಅಂಗಡಿಯ ಹೆಂಗಸು. ಹೇಳಿದ್ದು ಐಸ್ ಫ್ಯಾಕ್ಟರಿ ಬಾಗಿಲು ಮುಚ್ಚಿದ ವರ್ಷದ ಚಳಿಗಾಲದಲ್ಲಿ, ಒಂದು ಮಧ್ಯಾಹ್ನ, ಬಟ್ಟೆ ಒಯ್ಯಲು ಬಂದು ಬೆಚ್ಚಗೆ ಕುಳಿತುಬಿಟ್ಟಿದ್ದ ಆರು ಮಂದಿಗೆ. ಬೇರೆಯವರ ಬಾಯಲ್ಲಿ ಕಥೆಯ ಹಂಡೆ ಹಿತ್ತಾಳೆಯದಾಗುತ್ತದೆ. ಆಕೆ ತಾಮ್ರದ್ದೆಂದಳು, ಹೇಳಿದವರ ಪೈಕಿ ಕಣ್ಣಾರೆ ಕಂಡವಳು ಆಕೆಯೊಬ್ಬಳೇ ಆದ್ದರಿಂದ ಇಲ್ಲಿಯೂ ತಾಮ್ರವೇ ನಿಂತಿದೆ.

ಇಸ್ತ್ರಿ ಅಂಗಡಿಯಿದ್ದ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ವಿಧವೆ ಇದ್ದಳು. ಎಲ್ಲರೂ ಆಕೆಯನ್ನು ಬಟ್ಟಿಯಕ್ಕ ಎನ್ನುತ್ತಿದ್ದರು. ಹುದುಗು ಬಂದ ಹಣ್ಣಿನ ರಸವನ್ನು ಹಂಡೆಯಲ್ಲಿ ಕಾಯಿಸಿ, ಆವಿಯನ್ನು ತಣ್ಣೀರಲ್ಲಿ ಮುಳುಗಿಸಿದ ಕೊಳವೆಯೊಳಗೆ ಹಾಯಿಸಿ, ಹನಿಹನಿಯಾಗಿ ಮದ್ಯ ಇಳಿಸುವುದು ಆಕೆಯ ಕಸುಬು. ನಲವತ್ತು ವರ್ಷಗಳಲ್ಲಿ ಒಂದು ಕಟ್ಟಳೆಯನ್ನು ಆಕೆ ಒಮ್ಮೆಯೂ ಮುರಿದವಳಲ್ಲ. ಕೊಳವೆಯಿಂದ ಮೊದಲು ಇಳಿದ ಒಂದು ಲೋಟವನ್ನು ಯಾರ ತುಟಿಗೂ ತಾಗಿಸದೆ ಬೇರೊಂದು ಸೀಸೆಗೆ ಸುರಿದಿಡುತ್ತಿದ್ದಳು. ಅಂಟಿನ ಘಾಟು ಹೊಡೆಯುವ ಅದರಿಂದ ಬಾಗಿಲ ಕೀಲುಗಳ ಜಿಡ್ಡು ಒರೆಸುತ್ತಿದ್ದಳು.

"ತಲೆ ಒಡೆಯೋದು ಮೊದಲು ಓಡಿ ಬರುತ್ತೆ. ಅವಸರದಲ್ಲಿ ಬಂದೋರಿಗೆ ಬಾಗಿಲು ತೋರಿಸ್ಬೇಕು," ಎನ್ನುವುದು ಆಕೆಯ ಮಾತು.

ಅಳಿಯ ಐಸ್ ಫ್ಯಾಕ್ಟರಿಯಲ್ಲಿ ಆಪರೇಟರು. ಅತ್ತೆಯ ಹೊಗೆ, ಮಸಿ, ಒಲೆಯ ಮುಂದಿನ ಕಾವಲು ಕಂಡರೆ ಅವನಿಗೆ ನಗು.

"ಅತ್ತೆ, ನೀವು ದಿನವಿಡೀ ಸೌದೆ ಉರಿಸಿ ಕೊನೆಗೊಂದು ಲೋಟ ದಂಡ ಮಾಡ್ತೀರ. ನಾನು ರಸದ ಡಬ್ಬಿನ ಕೋಲ್ಡ್ ರೂಮಲ್ಲಿಟ್ಟು ಊಟಕ್ಕೆ ಹೋಗ್ತೀನಿ. ನೀರು ಗಡ್ಡೆ ಕಟ್ಟುತ್ತೆ, ಮದ್ಯ ಕಟ್ಟಲ್ಲ. ಗಡ್ಡೆ ಸೋಸಿ ಎಸೆದ್ರೆ ಉಳಿದಿದ್ದೆಲ್ಲ ಖಡಕ್ಕು."

"ಕೆಟ್ಟದ್ದು ಎಲ್ಲಿಗೆ ಹೋಗುತ್ತೆ, ಅಳಿಯಂದಿರೇ?"

"ಗಡ್ಡೆ ಒಳಗೆ. ಅದನ್ನೇ ತಾನೇ ಎಸೆಯೋದು?"

ಮಗಳ ಗಂಡನಿಗೆ ಬುದ್ಧಿ ಹೇಳುವುದು ಕಾದ ಹಂಡೆಗೆ ಅಂಗೈ ಇಟ್ಟಂತೆ ಎಂದು ಆಕೆ ಸುಮ್ಮನಾದಳು. ಆ ಮೌನಕ್ಕಾಗಿ ಮುಂದೆ ತನ್ನನ್ನೇ ಬೈದುಕೊಂಡಳು.

ಮರದ ಮಿಲ್ಲಿನ ಮೇಸ್ತ್ರಿ ಕೆಲಸದಿಂದ ನಿವೃತ್ತನಾದ ದಿನ ಶೆಡ್ಡಿನಲ್ಲಿ ಊಟವಿತ್ತು. ಅಳಿಯ ತನ್ನ ಮಾಲನ್ನು ಅತ್ತೆಯ ಜಾಡಿಗಳಲ್ಲಿ ತುಂಬಿ ತಂದ; ಅತ್ತೆ ಕಳಿಸಿದ್ದೆಂದೇ ಎಲ್ಲರೂ ಕುಡಿದರು. ಮರುದಿನ ಒಂಬತ್ತು ಮಂದಿ ತಲೆ ಎತ್ತಲಿಲ್ಲ. ಅವರಲ್ಲೊಬ್ಬ ಬಡಗಿ; ಅದೇ ತಲೆನೋವಿನಲ್ಲಿ ಕೆಲಸಕ್ಕೆ ಕೂತವನ ಉಳಿ ಜಾರಿ, ಹೆಬ್ಬೆರಳಿಗೆ ಮೂರು ಹೊಲಿಗೆ ಬಿತ್ತು. ಜಾಡಿ ಯಾರದು? ಬಟ್ಟಿಯಕ್ಕನದು. ವಿಚಾರಣೆ ಅಲ್ಲಿಗೇ ಮುಗಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಿಜ ಬಲ್ಲ ಅಳಿಯ ಬಾಯಿಗೆ ಬೀಗ ಹಾಕಿಕೊಂಡ.

ಮೂರನೆಯ ದಿನ ಕುಡಿದವರೆಲ್ಲ ಬಂದರು. ಇಸ್ತ್ರಿ ಹೆಂಗಸೂ ಅವರ ಹಿಂದೆ ಬಂದಳು. ಹಂಡೆಯನ್ನು ಒಲೆಯಿಂದ ಇಳಿಸಿ ಅಂಗಳಕ್ಕೆ ತಂದರು. ಪೀಪಾಯಿ ಕಟ್ಟುವವನ ಹೆಗಲ ಮೇಲೆ ಸುತ್ತಿಗೆ.

"ತಪ್ಪು ತಿಳ್ಕೋಬೇಡಕ್ಕ. ಹಂಡೆ ಇದ್ರೆ ನೀನು ಮತ್ತೆ ಇಳಿಸ್ತೀಯ."

ಬಟ್ಟಿಯಕ್ಕ ಸುತ್ತಿಗೆಯನ್ನೊಮ್ಮೆ, ಹೊತ್ತವನನ್ನೊಮ್ಮೆ ನೋಡಿದಳು. ನಲವತ್ತು ವರ್ಷ ತನ್ನ ಕೈಯಿಂದ ಕುಡಿದವರು, ಒಂದು ಬೆಳಿಗ್ಗೆ ತಲೆ ನೊಂದದ್ದಕ್ಕೆ ಒಂದು ಮಾತು ಕೇಳದೆ ಸುತ್ತಿಗೆ ತಂದಿದ್ದರು. ಹಂಡೆ ಹೋದರೆ ಹೋಗಲಿ; ಅದರ ಜೊತೆಗೆ ತನ್ನ ಕೈಗುಣದ ಹೆಸರೂ ಜಜ್ಜಿಹೋಗುತ್ತಿತ್ತು.

"ತಪ್ಪು ತಿಳ್ಕೊಂಡೋರು ಯಾರು ಅಂತ ಆಮೇಲೆ ನೋಡೋಣ. ಸುತ್ತಿಗೆ ಕೆಳಗಿಡಬೇಡ, ಹೊತ್ಕೊಂಡೇ ನಿಂತಿರು," ಎಂದಳು.

ಮಗಳ ಮನೆ ಎದುರಿಗೇ ಇತ್ತು. ಅಳಿಯನನ್ನು ಕರೆಸಿ, ಕುರ್ಚಿ ಹಾಕಿ ಕೂರಿಸಿದಳು. ಮರ್ಯಾದೆಗೆ ಕೊರತೆ ಮಾಡಲಿಲ್ಲ.

"ಅಳಿಯಂದಿರೇ, ನೀವು ಡಬ್ಬಿಯಲ್ಲಿ ಕಟ್ಟಿಸಿದ್ದು ನೀರು ನೀರಾಗಿತ್ತು ಅಂತ ಜನ ಆಡ್ಕೋತಾರೆ. ಅರ್ಧ ಚೆಲ್ಕೊಂಡಿರ್ಬೇಕು ಪಾಪ."

ಅವನ ಜಂಭಕ್ಕೆ ಅಷ್ಟು ಸಾಕಾಯಿತು.

"ಯಾರ್ರೀ ಹೇಳಿದ್ದು? ಶೆಡ್ಡಿಗೆ ನಾನು ತಂದಿದ್ದ ನಾಲ್ಕು ಜಾಡೀಲೂ ಒಂದು ಹನಿ ದಂಡ ಆಗಿರ್ಲಿಲ್ಲ, ಒಂದು ಹನಿ..."

ಬಡಗಿ ಬಟ್ಟೆ ಸುತ್ತಿದ ಹೆಬ್ಬೆರಳನ್ನು ಮೇಲೆತ್ತಿ ನೋಡಿದ.

"ಕೆಟ್ಟದ್ದೆಲ್ಲ ಗಡ್ಡೆ ಜೊತೆ ಎಸೆದೇ ತಂದಿದ್ದೆ," ಎಂದು ಅಳಿಯ ತೊದಲಿದ.

ಡಬ್ಬಿಯನ್ನು ಮನೆಗೆ ತಂದು ಸೋಸಿ ಎಸೆದ ಆ ಗಡ್ಡೆಗಳು ಅವನ ಹಿತ್ತಿಲ ಗೋಡೆಯ ನೆರಳಿನಲ್ಲಿ, ಮರದ ಹೊಟ್ಟಿನ ರಾಶಿಯೊಳಗೆ ಪೂರ್ತಿ ಕರಗದೆ ಬಿದ್ದಿದ್ದವು. ಬಟ್ಟಿಯಕ್ಕ ಒಂದನ್ನು ಹೊತ್ತು ತಂದು, ಪಾತ್ರೆಯಲ್ಲಿ ಕರಗಿಸಿ, ಲೋಟಗಳಿಗೆ ಸುರಿದಳು. ಮೊದಲು ತಾನು ಕುಡಿದು, ಆಮೇಲೆ ಒಬ್ಬೊಬ್ಬರಿಗೂ ಕೊಟ್ಟಳು.

"ನೀರು," ಎಂದ ಮೇಸ್ತ್ರಿ. "ಬರೀ ಸಪ್ಪೆ ನೀರು."

ಆಗ ಆಕೆ ಕೀಲು ಒರೆಸುವ ಸೀಸೆಯ ಬಿರಟೆ ತೆಗೆದು ಬಡಗಿಯ ಮೂಗಿಗೆ ಹಿಡಿದಳು. ಅವನು ಮುಖ ಕಿವುಚಿದ. "ಇದೇ ಅಕ್ಕ. ಅವತ್ತು ಜಾಡಿ ಬಾಯಿ ತೆಗೆದಾಗ ಬಂದ ಘಾಟು ಇದೇ."

"ಕೇಳಿ ಅಳಿಯಂದಿರೇ. ನೀವು ಎಸೆದಿದ್ದು ಕುಡಿಯೋ ನೀರು. ನಾನು ಬೇರೆ ಇಡೋದು ಈ ದರಿದ್ರಾನ. ಬೆಂಕಿ ಮುಂದೆ ಕೂತ್ರೆ ಯಾವುದು ಮೊದಲು ಬರುತ್ತೆ, ಯಾವುದು ಆಮೇಲೆ ಬರುತ್ತೆ ಅಂತ ಗೊತ್ತಾಗುತ್ತೆ, ಬೇರೆ ಮಾಡಬಹುದು. ನಿಮ್ಮ ಡಬ್ಬಿಯಲ್ಲಿ ನೀರೊಂದು ಬಿಟ್ಟು ಎಲ್ಲಾ ಒಟ್ಟಿಗೇ ಕೂತಿರುತ್ತೆ, ಗಟ್ಟಿಯಾಗಿ. ಅದನ್ನ ನನ್ನ ಜಾಡೀಲಿ ಕುಡಿಸಿ, ನನ್ನ ಹಂಡೆ ಅಂಗಳಕ್ಕೆ ಬಂದಾಗ ಕಿಟಕಿಯಿಂದ ನೋಡ್ತಾ ನಿಂತಿದ್ರಲ್ಲ. ಅನ್ನ ತಿನ್ನೋ ಬಾಯಿ ತಾನೇ ಅದು?"

ಅಳಿಯ ಚಪ್ಪಲಿ ನೋಡಿಕೊಂಡ. ಬಂದವರು ಒಬ್ಬೊಬ್ಬರಾಗಿ ಬಾಗಿಲ ಕಡೆ ಸರಿಯತೊಡಗಿದರು.

"ಎಲ್ಲಿಗೆ ಹೊರಟ್ರಿ?" ಎಂದಳು ಬಟ್ಟಿಯಕ್ಕ. "ಹಂಡೆ ತಾನಾಗೇ ನಡ್ಕೊಂಡು ಬಂತಾ ಅಂಗಳಕ್ಕೆ?"

ಒಂಬತ್ತು ಮಂದಿಯೂ ಹಿಂದಿರುಗಿದರು. ಸುತ್ತಿಗೆಯನ್ನು ಅಳಿಯನ ಕೈಗೆ ಕೊಟ್ಟು, ಪೀಪಾಯಿಯವನೇ ಮುಂದಾಗಿ ಹಂಡೆಯ ಕಂಠ ಹಿಡಿದು ಎತ್ತಿದ. ಒಲೆಯ ಮೇಲೆ ಓರೆಯಾಗಿ ಕೂತಿದೆಯೆಂದು ಆಕೆ ಮೂರು ಸಲ ಇಳಿಸಿ ಇಡಿಸಿದಳು. ತಪ್ಪಾಯಿತು ಎಂದು ಮಾತ್ರ ಯಾರೂ ಅನ್ನಲಿಲ್ಲ.

"ಇವತ್ತಿನವರೆಗೂ ಅಂದಿಲ್ಲ," ಎಂದು ಇಸ್ತ್ರಿ ಹೆಂಗಸು ಪೆಟ್ಟಿಗೆಯ ಬೂದಿ ಕೊಡವಿದಳು.

ಕೇಳುತ್ತಿದ್ದ ಆರು ಮಂದಿಯಲ್ಲಿ ಮೊದಲು ಎದ್ದವನು ಮೂಲೆಯಲ್ಲಿ ಕುಳಿತಿದ್ದ ಪೀಪಾಯಿಯವನು. ಇಸ್ತ್ರಿಯಾಗದ ಅಂಗಿಯನ್ನೇ ಕಂಕುಳಿಗೆ ಸಿಕ್ಕಿಸಿಕೊಂಡು, ತನ್ನ ಮನೆಯ ಕಡೆಗಲ್ಲ, ಬೀದಿಯ ಕೊನೆಗೆ, ಬಟ್ಟಿಯಕ್ಕನ ಮನೆಯ ಕಡೆಗೆ ನಡೆದ. ಉಳಿದ ಐವರು ಅವನು ತಿರುವು ದಾಟುವವರೆಗೂ ನೋಡಿ, ತಮ್ಮ ತಮ್ಮ ಗಂಟು ಎತ್ತಿಕೊಂಡು ಮನೆಗೆ ಹೋದರು.