ಪಂಪಿಗೊಂದು ಪೆಟ್ಟು

ಚಿಕ್ಕಪ್ಪನ ಲಾಂಡ್ರಿ ವ್ಯಾನ್ ಹೊರಡಬೇಕಾದರೆ ಇಬ್ಬರು ಬೇಕಿತ್ತು. ಚಿಕ್ಕಪ್ಪ ಒಳಗೆ ಕೂತು ಕೀ ತಿರುಗಿಸಿ "ಹೂಂ" ಅನ್ನಬೇಕು. ಚಿಕ್ಕಮ್ಮ ಹಿಂದಿನ ಚಕ್ರದ ಪಕ್ಕ ಗೋಣಿತಾಟು ಹಾಸಿ ಮಂಡಿಯೂರಿ, ಪೆಟ್ರೋಲ್ ಟ್ಯಾಂಕಿನ ತಳಕ್ಕೆ ಮರದ ಸುತ್ತಿಗೆಯಿಂದ ಒಂದು ಪೆಟ್ಟು ಕೊಡಬೇಕು. ಆಗ ಟ್ಯಾಂಕಿನೊಳಗೆ ಮುಳುಗಿ ಕೂತಿದ್ದ ಫ್ಯೂಯಲ್ ಪಂಪ್, ನಿದ್ದೆ ಕೆಡಿಸಿಕೊಂಡವರಂತೆ ಗುಂಯ್ ಎಂದು ಗೊಣಗಿ ಎಂಜಿನ್ನಿಗೆ ಪೆಟ್ರೋಲ್ ದೂಡುತ್ತಿತ್ತು. ಪೆಟ್ಟು ಜೋರಾದರೆ ಟ್ಯಾಂಕ್ ತಗ್ಗಾಗುತ್ತದೆ, ಮೆತ್ತಗಾದರೆ ಪಂಪ್ ಏಳುವುದಿಲ್ಲ. ಆ ಹದ ಚಿಕ್ಕಮ್ಮನ ಕೈಗೆ ಮಾತ್ರ ಸಿಕ್ಕಿತ್ತು. ನಾನೊಮ್ಮೆ ಹೊಡೆದು ನೋಡಿದಾಗ, "ಏನೇ, ಜೋಗುಳ ಹಾಡ್ತಿದ್ದೀಯಾ?" ಎಂದು ಸುತ್ತಿಗೆ ಕಿತ್ತುಕೊಂಡಿದ್ದಳು.

ಹೋಟೆಲ್, ಕ್ಷೌರದಂಗಡಿ, ಆಸ್ಪತ್ರೆ, ಹೀಗೆ ವ್ಯಾನ್ ನಿಂತ ಕಡೆಯೆಲ್ಲ ಮತ್ತೆ ಹೊರಡಲು ಪೆಟ್ಟು ಬೇಕಾಗುತ್ತಿತ್ತು. ಹಾಗಾಗಿ ಚಿಕ್ಕಮ್ಮ ದಿನವೂ ಜೊತೆಗೆ ಹೋಗುತ್ತಿದ್ದಳು. ಅದಕ್ಕೆ ಮೊದಲು ವರ್ಷಗಟ್ಟಲೆ ಅವಳ ಜಾಗ ಅಂಗಡಿಯ ಹಿಂದಿನ ಕೋಣೆ. ಅಲ್ಲಿ ಕಿಟಕಿಯಿಲ್ಲ. ಬಾಯ್ಲರಿನ ಹಬೆ, ಉದ್ದನೆಯ ಇಸ್ತ್ರಿ ಮೇಜು, ಮಡಿಸಿದಷ್ಟೂ ಮುಗಿಯದ ಬೆಡ್‌ಶೀಟುಗಳು. ಊರಿನ ಜನ ಅವಳಿಗೆ ಕಲೆಗಳಾಗಿ ಮಾತ್ರ ಗೊತ್ತಿದ್ದರು: ಕಾಫಿ ಚೆಲ್ಲುವವರು, ತಲೆಗೆ ಬಣ್ಣ ಹಚ್ಚಿಕೊಂಡು ಮಲಗುವವರು, ಟವೆಲಿನಲ್ಲಿ ಬೂಟು ಒರೆಸುವವರು. ಈಗ ಅವರಲ್ಲಿ ಕೆಲವರಿಗೆ ಮುಖ ಬಂದಿತ್ತು. ಹೋಟೆಲಿನ ಅಡುಗೆಯವನ ಮಂಡಿನೋವು, ಕ್ಷೌರಿಕನ ಮಗಳ ನಿಶ್ಚಿತಾರ್ಥ ಮುರಿದು ಮತ್ತೆ ಕೂಡಿದ ಕಥೆ, ಆಸ್ಪತ್ರೆಯ ಕಾವಲುಗಾರ ಸಾಕಿದ ಕುಂಟ ಬೆಕ್ಕು, ಎಲ್ಲವೂ ಸಂಜೆ ನನ್ನ ಕಿವಿಗೆ ಬೀಳುತ್ತಿದ್ದವು. ಓದು ಮುಗಿಸಿ ಕೆಲಸ ಸಿಗುವವರೆಗೆ ಅಂತ ಅವರ ಮನೆಗೆ ಬಂದಿದ್ದ ನಾನು, ಅವಳಿಲ್ಲದಾಗ ಅಂಗಡಿ ನೋಡಿಕೊಳ್ಳುತ್ತಿದ್ದೆ.

ಚಿಕ್ಕಪ್ಪ ಯಾವ ಕಥೆಯನ್ನೂ ಹೇಳುತ್ತಿರಲಿಲ್ಲ. ಅವನ ಬಾಯಿಂದ ಮಾತು ಬರಬೇಕಾದರೂ ಒಂದು ಪೆಟ್ಟು ಕೊಡಬೇಕು ಎಂದು ಚಿಕ್ಕಮ್ಮ ನಗುತ್ತಿದ್ದಳು.

ಒಂದು ಬೆಳಿಗ್ಗೆ ಹೋಟೆಲಿನ ಹಿಂಬಾಗಿಲಲ್ಲಿ ಪಂಪ್ ಏಳಲಿಲ್ಲ. ಚಿಕ್ಕಮ್ಮ ಹೊಡೆದಳು, ಜಾಗ ಬದಲಿಸಿ ಹೊಡೆದಳು, ಕೊನೆಗೆ ಅಡುಗೆಯವನೂ ಬಂದು ಹೊಡೆದ. ಗುಂಯ್ ಎನ್ನುವ ಸದ್ದು ಬರಲೇ ಇಲ್ಲ. ಹಗ್ಗ ಕಟ್ಟಿ ಎಳೆದು ತಂದವನು ನಮ್ಮ ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್. ಏನು ಕೇಳಿದರೂ "ಆಮೇಲೆ" ಅನ್ನುವುದರಿಂದ ಬೀದಿಯಲ್ಲೆಲ್ಲ ಅವನಿಗೆ ಆಮೇಲೆ ಎಂದೇ ಹೆಸರು. ಅಂದು ಮಾತ್ರ ಆಮೇಲೆ ಕೂಡಲೇ ನೋಡಿದ. ಫ್ಯೂಸ್ ಸರಿಯಿತ್ತು, ಕರೆಂಟ್ ಟ್ಯಾಂಕಿನವರೆಗೂ ಹೋಗುತ್ತಿತ್ತು. ಪಂಪಿನ ಆಯುಸ್ಸು ಮುಗಿದಿದೆ, ಇನ್ನು ಪೆಟ್ಟು ಹಾಕಿ ಪುಣ್ಯವಿಲ್ಲ ಎಂದ. ಹೊಸದನ್ನು ನೀವೇ ತನ್ನಿ, ನಾನು ತಂದರೆ ಮಧ್ಯೆ ದುಡ್ಡು ತಿಂದೆ ಅಂತೀರಿ ಎಂದೂ ಸೇರಿಸಿದ.

ಆ ಸಂಜೆ ಹಿಂದಿನ ಕೋಣೆಯಲ್ಲಿ ಒಂದು ಬೆಡ್‌ಶೀಟಿನ ಎರಡು ತುದಿ ಹಿಡಿದು ನಾನೂ ಚಿಕ್ಕಮ್ಮನೂ ನಿಂತಿದ್ದೆವು. ಮಡಿಸುತ್ತ ಹತ್ತಿರ ಬಂದಾಗ ಅವಳು ತಗ್ಗಿದ ದನಿಯಲ್ಲಿ ಹೇಳಿದಳು.

"ಹೊಸ ಪಂಪ್ ಬಂತು ಅಂದ್ರೆ ನನ್ನ ತಿರುಗಾಟ ಮುಗೀತು ನೋಡೇ."

"ನಾನೂ ಬರ್ತೀನಿ ಅಂತ ಚಿಕ್ಕಪ್ಪನಿಗೆ ಹೇಳಿದ್ರಾಯ್ತಪ್ಪ."

"ಕೇಳ್ಕೊಂಡು ಹತ್ತೋದೇ ಬೇರೆ, ನಾನು ಬೇಕು ಅಂತ ಹತ್ತಿಸ್ಕೊಳ್ಳೋದೇ ಬೇರೆ."

ಬಟ್ಟೆಯ ತುದಿಗಳು ಅವಳ ಕೈ ಸೇರಿದವು. ಮುಂದಿನ ಬೆಡ್‌ಶೀಟಿಗೆ ನಾವಿಬ್ಬರೂ ಮತ್ತೆ ದೂರ ಸರಿದೆವು.

ಮಾರನೆಯ ದಿನ ಅಂಗಡಿಗೆ ಬೀಗ ಹಾಕಿ ಮೂವರೂ ಬಿಡಿಭಾಗಗಳ ಬೀದಿಗೆ ಹೋದೆವು. ಎರಡೂ ಬದಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ಅಂಗಡಿಗಳು, ಬಾಗಿಲಿಗೆ ತೋರಣದಂತೆ ತೂಗುಬಿದ್ದ ಫ್ಯಾನ್ ಬೆಲ್ಟುಗಳು, ಗ್ರೀಸಿನ ವಾಸನೆ. ಮೊದಲನೆಯ ಅಂಗಡಿಯಲ್ಲಿ ಕಂಪನಿಯದೇ ಪಂಪ್ ಇತ್ತು, ಸೀಲ್ ಒಡೆಯದ ಡಬ್ಬಿಯಲ್ಲಿ. ಬೆಲೆ ಕೇಳಿದ ಚಿಕ್ಕಪ್ಪ, ಮಲಗಿದ ಪರರ ಕೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಅದನ್ನು ಗಾಜಿನ ಮೇಲಿಟ್ಟ. ಎರಡನೆಯ ಕಡೆ ಲೋಕಲ್ ಮಾಲು ಅಗ್ಗಕ್ಕೆ ಸಿಗುತ್ತಿತ್ತು. ಚಿಕ್ಕಮ್ಮ ಅದನ್ನು ಅಂಗೈಯಲ್ಲಿಟ್ಟು ತೂಗಿ, ಇಷ್ಟು ಹಗುರ ಇರುವುದು ಮಕ್ಕಳ ಆಟಿಕೆ ಎಂದಳು. ಆಟಿಕೆಯಾದರೆ ಬಣ್ಣ ಇರುತ್ತಿತ್ತು ತಾಯಿ ಎಂದ ಅಂಗಡಿಯವನು. ಮೂರನೆಯದು ಗುಜರಿ. ಅಪಘಾತವಾದ ಗಾಡಿಗಳಿಂದ ಕಳಚಿದ ಪಂಪುಗಳನ್ನು ಗುಜರಿಯವನು ಬುಟ್ಟಿಯಲ್ಲಿ ರಾಶಿ ಹಾಕಿದ್ದ. ಒಂದಕ್ಕೆ ಬ್ಯಾಟರಿಯ ತಂತಿ ಮುಟ್ಟಿಸಿ ಗುಂಯ್ ಎನಿಸಿಯೂ ತೋರಿಸಿದ. ಬೆಲೆಯೂ ನಮ್ಮ ಕೈಗೆಟುಕುವಂಥದ್ದೇ.

"ಇದರ ದನಿ ಕೇಳಿದ್ರಾ? ಶೀತ ಆದ ಹಾಗಿದೆ," ಎಂದಳು ಚಿಕ್ಕಮ್ಮ.

ಅವಳ ಲೆಕ್ಕಾಚಾರ ನನಗೆ ಗೊತ್ತಿತ್ತು. ಹೀಗೆಯೇ ಒಂದೊಂದಕ್ಕೂ ಹೆಸರಿಟ್ಟು ಸಂಜೆ ಮಾಡಿದರೆ ಇನ್ನೊಂದು ದಿನ ಉಳಿಯಿತು. ನನಗೆ ಅರ್ಥವಾಗದೆ ಹೋದದ್ದು ಚಿಕ್ಕಪ್ಪನ ನಡೆ. ಚಿಕ್ಕಮ್ಮ ಬೇಡವೆಂದ ಕೂಡಲೇ ಅವನು ಒಂದು ಮಾತೂ ಎದುರಾಡದೆ ಹೊರಗೆ ಬರುತ್ತಿದ್ದ. ಗುಜರಿಯಲ್ಲಂತೂ ಅವನ ಮುಖದಲ್ಲಿ ಹಗುರಾದ ಭಾವ ಕಂಡ ಹಾಗಾಯಿತು.

ಬೀದಿಯ ತಿರುವಿನಲ್ಲಿ ಹಸಿರು ಬಾಗಿಲಿನ ಚಿಕ್ಕ ಅಂಗಡಿಯೊಂದಿತ್ತು. ಅದನ್ನು ದಾಟುವಾಗ ಚಿಕ್ಕಪ್ಪನ ಹೆಜ್ಜೆ ಬಿರುಸಾಯಿತು. ಚಿಕ್ಕಮ್ಮ ನಿಂತಳು.

"ರೀ, ಇದೊಂದು ಬಿಟ್ಟೋಯ್ತು."

"ಅಲ್ಲಿ ಸಿಗಲ್ಲ."

"ಒಳಗೆ ಹೋಗ್ದೆ ಹೇಗೆ ಗೊತ್ತು ನಿಮಗೆ?"

ಬೇಡವೆನ್ನಲು ಇನ್ನೊಂದು ಅಂಗಡಿ ಸಿಕ್ಕ ಖುಷಿಯಲ್ಲಿ ಚಿಕ್ಕಮ್ಮ ಆಗಲೇ ಮೆಟ್ಟಿಲು ಹತ್ತಿದ್ದಳು.

ಒಳಗಿದ್ದ ಮುದುಕ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನಮ್ಮನ್ನು ನೋಡಿದ. ನಂತರ ನಮ್ಮ ಹಿಂದೆ ಬಾಗಿಲಲ್ಲೇ ನಿಂತಿದ್ದ ಚಿಕ್ಕಪ್ಪನನ್ನು ನೋಡಿದ.

"ಏನ್ ಯಜಮಾನ್ರೇ, ಅಷ್ಟು ಬೇಗ ಕೈಕೊಡ್ತಾ ಆ ಪಂಪು?"

"ಯಾವ ಪಂಪು?" ಎಂದಳು ಚಿಕ್ಕಮ್ಮ.

ಮುದುಕನಿಗೆ ಗಿರಾಕಿಯ ಮುಖಕ್ಕಿಂತ ತನ್ನ ಮಾಲಿನ ಮರ್ಯಾದೆ ಮುಖ್ಯವಾಗಿತ್ತು. ಚಳಿಗಾಲಕ್ಕೆ ಮುಂಚೆ ಇವರೇ ಬಂದು ಲಾಂಡ್ರಿ ವ್ಯಾನಿಗೆ ಅಂತ ಒಯ್ದಿದ್ದರು, ಕಂಪನಿಯದಲ್ಲದಿದ್ದರೂ ಗಟ್ಟಿ ಮಾಲು, ಅರ್ಧ ಬೆಲೆಗೆ ಕೊಟ್ಟಿದ್ದೆ, ತಿರುಗಿಸಿ ಹೇಗೆ ಕೂರಿಸುವುದು ಎಂದೂ ತೋರಿಸಿದ್ದೆ ಎಂದು ಒಂದೇ ಉಸಿರಿಗೆ ಹೇಳಿದ. ಹಾಳಾಗಿದ್ದರೆ ತನ್ನಿ, ಬದಲಾಯಿಸಿ ಕೊಡುತ್ತೇನೆ ಎಂದ.

ಚಿಕ್ಕಮ್ಮ ತಿರುಗಿದಳು. ಚಿಕ್ಕಪ್ಪ ತಲೆಯ ಮೇಲೆ ತೂಗುತ್ತಿದ್ದ ಫ್ಯಾನ್ ಬೆಲ್ಟೊಂದನ್ನು ಹಿಡಿದು ಅದರ ಹಲ್ಲುಗಳನ್ನು ಬೆರಳಲ್ಲಿ ಸವರುತ್ತಿದ್ದ.

"ಹಾಕಿಸ್ಲಿಲ್ವಾ?"

"ಇಲ್ಲ."

"ಯಾಕೆ?"

ಹೊರಗೆ ಯಾರೋ ಕಬ್ಬಿಣ ಬಡಿಯುತ್ತಿದ್ದರು. ಆ ಸದ್ದು ನಿಂತಿತು. ಚಿಕ್ಕಪ್ಪನ ಕಿವಿ ಕೆಂಪಾಗಿತ್ತು.

"ಪುರುಸೊತ್ತು ಆಗ್ಲಿಲ್ಲ," ಎಂದ.

ಪ್ರತಿ ಭಾನುವಾರ ವ್ಯಾನ್ ತೊಳೆದು, ಒರೆಸಿ, ಅದರ ಸುತ್ತ ಸುಮ್ಮನೆ ಓಡಾಡುವ ಮನುಷ್ಯ ಅವನು. ನಮ್ಮ ನಡುವಿನ ಗಾಳಿಯನ್ನು ಮುದುಕ ಹೇಗೆ ಅರ್ಥ ಮಾಡಿಕೊಂಡನೋ, ಮುಚ್ಚಳದ ಕೆಳಗಿನ ಹಳೆಯ ರಬ್ಬರ್ ಉಂಗುರ ಪೆಟ್ರೋಲಿಗೆ ಉಬ್ಬಿರುತ್ತದೆ, ಮತ್ತೆ ಕೂರುವುದಿಲ್ಲ ಎಂದು ಹೊಸದೊಂದನ್ನು ಕಾಗದದಲ್ಲಿ ಸುತ್ತಿಕೊಟ್ಟ. ಇಡೀ ದಿನದಲ್ಲಿ ನಾವು ಕೊಂಡದ್ದು ಅಷ್ಟೇ.

ಲಾಂಡ್ರಿ ಮುಟ್ಟುವವರೆಗೂ ಚಿಕ್ಕಮ್ಮ ಮಾತಾಡಲಿಲ್ಲ. ಹಾಗೆ ನಡೆದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕೋಪವೋ ಏನೋ ಎಂದು ಪಕ್ಕಕ್ಕೆ ಬಗ್ಗಿ ನೋಡಿದರೆ, ಅವಳು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು, ಭುಜ ಕುಲುಕುತ್ತಿತ್ತು. ಮುಂದೆ ನಡೆಯುತ್ತಿದ್ದ ಚಿಕ್ಕಪ್ಪ ತಿರುಗಿ ನೋಡಲಿಲ್ಲ.

ಹೊಸ ಪಂಪ್ ಇದ್ದದ್ದು ಹಿಂದಿನ ಕೋಣೆಯಲ್ಲೇ, ಚಿಕ್ಕಮ್ಮನ ಕೈಗೆಟುಕದ ಮೇಲಿನ ಹಲಗೆಯಲ್ಲಿ, ಗಂಜಿಪುಡಿ ಡಬ್ಬಗಳ ಹಿಂದೆ. ಚಿಕ್ಕಪ್ಪ ಅದನ್ನು ಇಳಿಸಿ, ಧೂಳು ಊದಿ, ಮೇಜಿನ ಮೇಲಿಟ್ಟ.

"ನಾನು ನೆಲದ ಮೇಲೆ ಹೊರಳಾಡಿ ಬಟ್ಟೆಯೆಲ್ಲ ಮಣ್ಣು ಮಾಡ್ಕೊಂಡಿದ್ದು ನೋಡಿ ಸಾಕಾಗ್ಲಿಲ್ಲ ನಿಮಗೆ," ಎಂದಳು ಚಿಕ್ಕಮ್ಮ. ಬೈಗುಳಕ್ಕೆ ಇರಬೇಕಾದ ಬಿಸಿ ಅದರಲ್ಲಿರಲಿಲ್ಲ.

"ಲಾಂಡ್ರಿ ನಮ್ದೇ ಅಲ್ವಾ," ಎಂದ ಚಿಕ್ಕಪ್ಪ. ಅವನ ಬಾಯಿಂದ ನಾನು ಕೇಳಿದ ಮೊದಲ ಹಾಸ್ಯ ಅದು.

ಪಕ್ಕದ ಗ್ಯಾರೇಜಿನ ಆಮೇಲೆ ಬಂದು ಬ್ಯಾಟರಿಯ ತಂತಿ ಬಿಚ್ಚಿದ, ಟ್ಯಾಂಕಿನ ಪೆಟ್ರೋಲನ್ನು ಕ್ಯಾನಿಗೆ ಇಳಿಸಿದ, ವ್ಯಾನಿನ ನೆಲದ ತಗಡು ಎತ್ತಿದ. ಪಂಪಿನ ಮುಚ್ಚಳ ತುಕ್ಕು ಹಿಡಿದು ಜಪ್ಪಯ್ಯ ಅಂದರೂ ತಿರುಗಲಿಲ್ಲ. ಚಿಕ್ಕಮ್ಮ ಸುತ್ತಿಗೆ ತಂದು ಅವನನ್ನು ಪಕ್ಕಕ್ಕೆ ಸರಿಸಿ, ಅದೇ ಹದದ ಒಂದು ಪೆಟ್ಟು ಕೊಟ್ಟಳು. ಮುಚ್ಚಳ ಬಿಟ್ಟುಕೊಟ್ಟಿತು. ಹಳೆಯ ಪಂಪಿನ ತಳದ ಜರಡಿ ಕಾಡಿಗೆಯಂತೆ ಕಪ್ಪಾಗಿತ್ತು. ಆ ಪಂಪನ್ನು ಅವಳು ಒರೆಸಿ, ಎಸೆಯದೆ, ಕಿಟಕಿಯಿಲ್ಲದ ಕೋಣೆಯ ಮೇಜಿನ ಮೂಲೆಯಲ್ಲಿಟ್ಟಳು. ಹೊಸದು ಕೂತಿತು, ಉಂಗುರ ಬಿಗಿಯಾಯಿತು. ಚಿಕ್ಕಪ್ಪ ಕೀ ತಿರುಗಿಸಿದ. ಗುಂಯ್. ಯಾರ ಹಂಗೂ ಇಲ್ಲದ, ಸ್ಪಷ್ಟವಾದ ಸದ್ದು.

ಮರುದಿನ ಬೆಳಿಗ್ಗೆ ವ್ಯಾನಿಗೆ ಬಟ್ಟೆಯ ಗಂಟುಗಳನ್ನು ತುಂಬಿ ಚಿಕ್ಕಮ್ಮ ಒಳಗೆ ಬಂದಳು. ಏಪ್ರನ್ ಕಟ್ಟಿಕೊಂಡು ಟವೆಲುಗಳ ರಾಶಿಯ ಮುಂದೆ ನಿಂತಳು. ತಾನೂ ಬರಲೇ ಎಂದು ಕೇಳುವುದಿಲ್ಲವೆಂದು ಅವಳು ನಿರ್ಧರಿಸಿದ್ದು ಬೆನ್ನು ನೋಡಿದರೇ ತಿಳಿಯುತ್ತಿತ್ತು. ಹೊರಗೆ ಎಂಜಿನ್ ಮೊದಲ ಸಲಕ್ಕೇ ಶುರುವಾಯಿತು. ಅವಳು ಒಂದು ಟವೆಲ್ ಮಡಿಸಿದಳು. ವ್ಯಾನ್ ಹೊರಡಲಿಲ್ಲ. ಎಂಜಿನ್ ನಿಂತಿತು. ಮತ್ತೆ ಶುರುವಾಯಿತು, ಮತ್ತೆ ನಿಂತಿತು.

"ಇವಳೇ," ಎಂದು ಕೂಗಿದ ಚಿಕ್ಕಪ್ಪ. "ಸುತ್ತಿಗೆ ಎಲ್ಲಿ?"

ಚಿಕ್ಕಮ್ಮ ಬಾಗಿಲಿಗೆ ಹೋದಳು. "ಅದ್ಯಾಕೆ ಇನ್ನು? ಸರಿಯಾಗೇ ಶುರು ಆಗ್ತಿದೆಯಲ್ಲ."

"ಹೊಸ ಪಂಪು. ಅದರ ಬುದ್ಧಿ ಇನ್ನೂ ಗೊತ್ತಿಲ್ಲ."

"ತಂದು ಕೊಡ್ಲಾ, ತಗೊಂಡು ಬರ್ಲಾ?"

ಚಿಕ್ಕಪ್ಪ ಸೀಟಿನ ಮೇಲೆ ಅಡ್ಡಕ್ಕೆ ಬಾಗಿ, ಆಚೆ ಬದಿಯ ಬಾಗಿಲನ್ನು ತೆರೆದು, ಮತ್ತೆ ನೆಟ್ಟಗೆ ಕೂತು ರಸ್ತೆ ನೋಡತೊಡಗಿದ.

ಚಿಕ್ಕಮ್ಮ ಏಪ್ರನ್ ಬಿಚ್ಚಿ ನನ್ನ ಹೆಗಲ ಮೇಲೆ ಹಾಕಿದಳು. ಸುತ್ತಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು, ಗೋಣಿತಾಟನ್ನು ಮಾತ್ರ ಅಲ್ಲೇ ಬಿಟ್ಟು ಹೊರಟಳು. ವ್ಯಾನ್ ಬೀದಿಯ ತುದಿ ಮುಟ್ಟುವ ಮೊದಲೇ ಅವಳ ಮಾತು ಶುರುವಾಗಿತ್ತು, ಅರ್ಧ ಇಳಿಸಿದ ಕಿಟಕಿಯಿಂದ ಕೈ ಹೊರಬಂದು ಏನನ್ನೋ ವಿವರಿಸುತ್ತಿತ್ತು. ನಾನು ಒಳಗೆ ಬಂದು ಅವಳು ಬಿಟ್ಟುಹೋದ ಟವೆಲನ್ನು ಕೈಗೆತ್ತಿಕೊಂಡೆ. ಯಾರೋ ಮತ್ತೆ ಅದರಲ್ಲಿ ಬೂಟು ಒರೆಸಿದ್ದರು. ಎಷ್ಟು ಒಗೆದರೂ ಕಲೆ ಪೂರ್ತಿ ಹೋಗಿರಲಿಲ್ಲ. ಸಂಜೆ ಬಂದಾಗ ಅದು ಯಾರೆಂದು ಕೇಳಬೇಕು ಅಂದುಕೊಂಡೆ.