ಮೂರನೇ ಗಾಲಿಯ ಏಳು

ನಾನು ದೆವ್ವ ಭೂತ ನಂಬುವವನಲ್ಲ. ರೇಡಿಯೋ, ಟೇಪು, ಟಿ.ವಿ. ಬಿಚ್ಚಿ ಜೋಡಿಸುತ್ತ ಇಪ್ಪತ್ತು ವರ್ಷ ಕಳೆದವನು. ಸದ್ದು ಬಂತೆಂದರೆ ಎಲ್ಲೋ ಒಂದು ತಂತಿ ಸಡಿಲಾಗಿದೆ, ಅಷ್ಟೇ. ಹಾಗಿದ್ದೂ ಹೇಳುತ್ತೇನೆ ಕೇಳಿ: ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಎದುರು ಹಾಲೇಶಪ್ಪನ ವಿಡಿಯೋ ಗೇಮ್ ಅಂಗಡಿಯಲ್ಲಿ, ಒಂದು ಸ್ಟೂಲಿನ ಮೇಲೆ ಒಂದು ಟವೆಲ್ಲು ತಿಂಗಳೊಪ್ಪತ್ತು ಬಿದ್ದಿತ್ತು. ಅದರ ಮಲ್ಲಿಗೆ ವಾಸನೆ ದಿನದಿಂದ ದಿನಕ್ಕೆ ಕಡಿಮೆಯಾಗುವುದು ಬಿಟ್ಟು ಹೆಚ್ಚಾಗುತ್ತ ಹೋಯಿತು. ಇದಕ್ಕೆ ಯಾವ ತಂತಿ ಸಡಿಲಾಗಿತ್ತೋ ನೀವೇ ಹೇಳಿ.

ತೊಂಬತ್ತೆಂಟನೇ ಇಸವಿಯ ಮಾತು. ಹಾಲೇಶಪ್ಪ ಗೋವಾದಿಂದ ಒಂದು ಹಳೇ ಸ್ಲಾಟ್ ಮಷೀನನ್ನು ಲಾರಿಯಲ್ಲಿ ಹಾಕಿಸಿಕೊಂಡು ಬಂದ. ರಿಪೇರಿಗೆ ನನ್ನನ್ನು ಇಟ್ಟುಕೊಂಡ. ಮಷೀನಿನ ಮೈತುಂಬ ಇಂಗ್ಲಿಷು. ನಮ್ಮ ಮಂದಿಗೆ ತಿಳಿಯಬೇಡವೇ? ನಾನೇ ಹೆಸರಿಟ್ಟು ಗೋಡೆಯ ಹಲಗೆಯ ಮೇಲೆ ಚಾಕ್‌ಪೀಸಿನಿಂದ ಬರೆದೆ. ತಿರುಗುವ ರೀಲು ಅಂದರೆ ಗಾಲಿ. ಮೂರೂ ಚಿತ್ರ ಒಂದೇ ಆಗಿ ಬಂದು ನಿಲ್ಲಬೇಕಾದ, ಗಾಜಿನ ಮೇಲಿನ ಕೆಂಪು ಗೆರೆ ಅಂದರೆ ನಡುಗೆರೆ. ಹಾಕಿದ ರೂಪಾಯಿ ಹೋಗಿ ಬೀಳುವ ಡಬ್ಬಿ ಅಂದರೆ ಹೊಟ್ಟಿ. ಎರಡು ಗಾಲಿ ಒಂದೇ ಚಿತ್ರಕ್ಕೆ ನಿಂತರೆ ಒಮ್ಮೊಮ್ಮೆ ಅವುಗಳ ಕೆಳಗೆ ಹಳದಿ ದೀಪ ಮಿನುಗುತ್ತಿತ್ತು. ಆಗ ಗುಂಡಿ ಒತ್ತಿ ಆ ಎರಡನ್ನು ಹಾಗೇ ಉಳಿಸಿಕೊಂಡು, ಇನ್ನೊಂದು ರೂಪಾಯಿ ಹಾಕಿ ಮೂರನೆಯದನ್ನು ಮಾತ್ರ ತಿರುಗಿಸಬಹುದು. ಅದಕ್ಕೆ ‘ಹಿಡಿ’ ಎಂದು ಬರೆದೆ. ಮೂರು ಏಳು ಬಂದರೆ ಜಾಕ್‌ಪಾಟು. ಆ ಮಾತನ್ನು ಮಾತ್ರ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ, ನೋಡಿ!

ಹಲಗೆಯ ಮೇಲೆ ಬರೆಯದ ಸಂಗತಿ ಒಂದಿತ್ತು. ಪ್ರತಿ ಗಾಲಿಯ ಪಕ್ಕ ಒಂದು ತಗಡಿನ ಬಿಲ್ಲೆ, ಅದರ ಅಂಚಿಗೆ ಚಿತ್ರಕ್ಕೊಂದರಂತೆ ಇಪ್ಪತ್ತು ಕಚ್ಚು. ಒಳಗಿನ ಕೊಕ್ಕೆ ಯಾವ ಕಚ್ಚಿಗೆ ಬೀಳುತ್ತದೋ ಆ ಚಿತ್ರ ನಿಲ್ಲುತ್ತದೆ. ಹಾಲೇಶಪ್ಪ ಮೊದಲ ವಾರವೇ ಹೇಳಿದ, “ಪಾಲಾಕ್ಷಪ್ಪ, ಮೂರನೇ ಗಾಲಿ ಏಳು ಬಂದ್ ಮಾಡಿಬಿಡು. ಆಸಿ ಇರಬೇಕು, ಕೈಗೆ ಸಿಗಬಾರದು.”

ಮಾಡಿದೆ. ಆ ಒಂದು ಕಚ್ಚಿಗೆ ಬೆಸುಗೆ ತುಂಬಿ ಅರ ತಿಕ್ಕಿ ನುಣುಪು ಮಾಡಿದೆ. ಅವತ್ತಿನಿಂದ ಮೂರನೇ ಏಳು ಗೆರೆಗಿಂತ ಒಂದು ಬೆರಳು ಮೇಲೋ ಒಂದು ಬೆರಳು ಕೆಳಗೋ ನಿಲ್ಲುತ್ತಿತ್ತು. “ಅಯ್ಯಯ್ಯೋ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲಲ್ಲಲೇ!” ಎಂದು ತೊಡೆ ಬಡಿದುಕೊಂಡು ಮಂದಿ ಇನ್ನೊಂದು ರೂಪಾಯಿ ಹಾಕುತ್ತಿದ್ದರು. ನಾನು ಸ್ಕ್ರೂಡ್ರೈವರು ಕಿವಿಗೆ ಸಿಕ್ಕಿಸಿಕೊಂಡು ನೋಡುತ್ತ ನಿಂತಿರುತ್ತಿದ್ದೆ.

ಸುಂಕಪ್ಪ ಹಡಗಲಿಯಿಂದ ದಿನಾ ಹತ್ತು ಗಂಟೆಯ ಬಸ್ಸಿಗೆ ಮಲ್ಲಿಗೆ ಬುಟ್ಟಿ ತರುತ್ತಿದ್ದ. ಹೂವು ಅಂಗಡಿಗಳಿಗೆ ಹಾಕಿ ತಿರುಗಿ ಬಸ್ಸು ಹತ್ತುವವರೆಗೆ ಮಷೀನಿನ ಮುಂದೆ ಕೂಡುತ್ತಿದ್ದ. ಒಳ್ಳೆಯ ಮನುಷ್ಯ. ಸೋತರೂ ನಕ್ಕು, “ಇವತ್ತು ಹೊಟ್ಟಿ ನಮ್ಮಪ್ಪಂದಲ್ಲ ಬಿಡ್ರಿ” ಎನ್ನುವವನು. ಅವತ್ತು ಹನ್ನೊಂದರ ಸುಮಾರಿಗೆ ಅವನಿಗೆ ಎರಡು ಏಳು ಬಿದ್ದವು, ಕೆಳಗೆ ದೀಪ ಮಿನುಗಿತು. ಹಿಡಿ ಒತ್ತಿದ. ಕಿಸೆಗೆ ಕೈ ಹಾಕಿದರೆ ರೂಪಾಯಿ ಇಲ್ಲ, ಹತ್ತರ ನೋಟು ಮಾತ್ರ ಇದೆ. ಚಿಲ್ಲರೆಗೆ ಬರ ಇದ್ದ ಕಾಲ ಅದು. ಹಾಲೇಶಪ್ಪ ಹತ್ತರ ನೋಟಿಗೆ ಒಂಬತ್ತೇ ಕೊಡುತ್ತಿದ್ದ. ಎದುರಿನ ಎಲೆ ಅಡಿಕೆ ಅಂಗಡಿಯಲ್ಲಿ ಪೂರಾ ಹತ್ತು ಸಿಗುತ್ತಿತ್ತು. ಸುಂಕಪ್ಪ ಹೆಗಲ ಮೇಲಿನ ಟವೆಲ್ಲನ್ನು ಸ್ಟೂಲಿನ ಮೇಲೆ ಹಾಕಿ, “ಪಾಲಾಕ್ಷಣ್ಣ, ನೋಡ್ಕೊಂತಿರು, ಬಂದೆ” ಎಂದು ಓಡಿದ.

ಬರುವಾಗ ಮೆಕ್ಕೆಜೋಳದ ಲಾರಿ ಅವನ ಮೇಲೆ ಹೋಯಿತು. ಒಂಬತ್ತು ರೂಪಾಯಿ ರಸ್ತೆಯಲ್ಲಿ ಚೆಲ್ಲಿದ್ದವು. ಒಂದು ಮಾತ್ರ ಅವನ ಮುಷ್ಟಿಯಲ್ಲಿತ್ತು. ಆ ಮುಷ್ಟಿ ಬಿಡಿಸಲು ಇಬ್ಬರು ಬೇಕಾಯಿತು, ಅವರಲ್ಲಿ ಒಬ್ಬ ನಾನು.

ನಮ್ಮ ಕಡೆ ಬಸ್ಸಿನ ಕಿಟಕಿಯಿಂದ ಟವೆಲ್ಲು ಒಗೆದರೆ ಆ ಸೀಟು ಅವನದೇ. ಎಂಥ ಪುಂಡನಾದರೂ ಅದನ್ನು ಎತ್ತಿ ಬಿಸಾಕುವುದಿಲ್ಲ. ಸತ್ತವನ ಟವೆಲ್ಲನ್ನು ಮುಟ್ಟುವವರು ಯಾರು? ಹಾಲೇಶಪ್ಪ ನನಗೆ, “ತೆಗೆದು ಒಗಿಯೋ ಅದನ್ನ” ಎಂದ. “ನಿಮ್ಮ ಅಂಗಡಿ, ನೀವೇ ತೆಗೀರಿ ಸಾಹುಕಾರ್ರ” ಎಂದೆ. ಅವನೂ ತೆಗೆಯಲಿಲ್ಲ. ಆ ಸ್ಟೂಲಿನಲ್ಲಿ ಕೂತು ಆಡುವವರೂ ಇಲ್ಲದೆ ಎರಡು ಏಳು ಹಾಗೇ ನಿಂತಿದ್ದವು. ಕರೆಂಟು ಹೋದರೂ ಒಳಗೊಂದು ಬ್ಯಾಟರಿ ಇದ್ದುದರಿಂದ, ಬಂದ ಕೂಡಲೇ ಹಳದಿ ದೀಪ ಮತ್ತೆ ಮಿನುಗುತ್ತಿತ್ತು. ಅದು ಬ್ಯಾಟರಿ ಎಂದು ನನಗೆ ಗೊತ್ತು. ಗೊತ್ತಿದ್ದೂ ಪ್ರತಿ ಸಲ ಬಾಗಿಲ ಕಡೆ ತಿರುಗಿ ನೋಡುತ್ತಿದ್ದೆ. ಆ ಮನುಷ್ಯ ಓಡಿಹೋಗಿದ್ದು ಬಾರದ ಏಳಕ್ಕಾಗಿ, ಅದನ್ನು ಬಾರದಂತೆ ಮಾಡಿದ ಕೈ ನನ್ನದು.

ತಿಂಗಳು ಕಳೆದ ಮೇಲೆ ಒಂದು ದಿನ ಬೋಳುಹಣೆಯ ಹೆಂಗಸೊಬ್ಬಳು ಎರಡು ಖಾಲಿ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಳು. ಸುಂಕಪ್ಪನ ಹೆಂಡತಿ ಭರಮಮ್ಮ. ಗಂಡನ ಹೂವಿನ ವ್ಯಾಪಾರ ಈಗ ಅವಳದು. ಮಷೀನನ್ನು ಎಂದೂ ಕಂಡವಳಲ್ಲ, ನೆಟ್ಟಗೆ ಬಂದು ಅದರ ಮುಂದೆ ನಿಂತು, “ಇದು ನಡುಗೆರಿ. ಇದು ಹೊಟ್ಟಿ. ಇದು ಹಿಡಿ,” ಎಂದು ಬೆರಳಿಟ್ಟು ತೋರಿಸಿದಳು. ನಾನು ಇಟ್ಟ ಹೆಸರುಗಳೆಲ್ಲ ಅವಳ ಬಾಯಲ್ಲಿದ್ದವು. “ದಿನಾ ಉಣ್ಣಾಕ ಕುಂತಾಗ ಹೇಳ್ತಿದ್ದ ಅಣ್ಣಾ. ರೊಟ್ಟಿ ಬುಟ್ಟಿ ಬರಿದಾದ್ರ, ಹೊಟ್ಟಿ ಖಾಲಿ ಆತು ಅಂತಿದ್ದ.”

ಆಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿ ತೆಗೆದಳು. ಮುಷ್ಟಿಯಿಂದ ನಾವು ಬಿಡಿಸಿ ಹೆಣದ ಜೊತೆ ಕಳಿಸಿದ್ದೇ ಅದು.

“ನಮ್ಮ ಅತ್ತಿ ದಿನಾ ಅಂತಾಳ, ಸುಮ್ಮ ಸುಮ್ಮನ ಸತ್ತ ನನ್ನ ಮಗ, ನಾಯಿ ಸತ್ತಂಗ ಅಂತ. ಇದೊಂದು ಹಾಕ್ತೀನಿ. ಏಳು ಬಂದ್ರ ಬಂತು, ಬರದಿದ್ರ ಇಲ್ಲ. ಅವನು ಏನೂ ಇಲ್ಲದ್ದಕ್ಕ ಓಡಿದ್ನೋ, ಏನಾರ ಇತ್ತೋ, ನನಗ ಗೊತ್ತಾಗಬೇಕು.”

ಏನೂ ಇರಲಿಲ್ಲ ತಾಯಿ ಎಂದು ಹೇಳಬೇಕಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಮಧ್ಯಾಹ್ನದ ಕಡಿತ, ಇನ್ನು ಎರಡು ಗಂಟೆ ಬರುವುದಿಲ್ಲ. “ಬಂದ ಮ್ಯಾಲೆ ಹಾಕುವಂತಿ ತಂಗೀ, ಸ್ಟ್ಯಾಂಡಿನಾಗ ನೆರಳಿಗೆ ಕುಂತಿರು” ಎಂದೆ. ಹಾಲೇಶಪ್ಪ ಊಟಕ್ಕೆ ಹೋಗಿದ್ದ.

ಮಷೀನಿನ ಬೆನ್ನು ಬಿಚ್ಚಿದೆ. ಟಾರ್ಚು ಹಲ್ಲಲ್ಲಿ ಕಚ್ಚಿ ಹಿಡಿದು, ಬೆಸುಗೆ ಕೆರೆದು ಏಳರ ಕಚ್ಚು ತೆರೆದೆ. ಮೇಣದಬತ್ತಿ ಕರಗಿಸಿ ಉಳಿದ ಹತ್ತೊಂಬತ್ತು ಕಚ್ಚುಗಳನ್ನು ಒಂದೊಂದಾಗಿ ಮುಚ್ಚಿದೆ. ಇನ್ನು ಆ ಗಾಲಿ ಏಳಕ್ಕಲ್ಲದೆ ಬೇರೆಲ್ಲೂ ನಿಲ್ಲುವಂತಿಲ್ಲ. ಒಂದು ಸುಳ್ಳಿನಿಂದ ಒಬ್ಬಳ ಹೊಟ್ಟೆ ತಣ್ಣಗಾದರೆ ಏನು ತಪ್ಪು? ಮುಂದುಗಡೆ ಸ್ಟೂಲು ಕಿರ್ರೆಂದಿತು, ಯಾರೋ ಕೂತ ಹಾಗೆ. ನಾನು ತಲೆ ಎತ್ತಲಿಲ್ಲ. ಟಾರ್ಚನ್ನು ಬಾಯಿಂದ ತೆಗೆದು, “ತಡಿಯೋ ಸುಂಕಪ್ಪ, ಮಾಡಾಕತ್ತೀನಲ್ಲ!” ಎಂದು ರೇಗಿದೆ. ಮಲ್ಲಿಗೆ ವಾಸನೆಗೆ ಉಸಿರು ಕಟ್ಟುವಂತಾಗಿತ್ತು.

ಕರೆಂಟು ಬಂತು, ಭರಮಮ್ಮನೂ ಬಂದಳು. ಟವೆಲ್ಲು ಎತ್ತಿ ಹೆಗಲ ಮೇಲೆ ಹಾಕಿಕೊಂಡು ಸ್ಟೂಲಿನ ಮೇಲೆ ಕೂತಳು. ರೂಪಾಯಿ ಹಾಕಿ ಮಷೀನಿನ ಪಕ್ಕದ ಹಿಡಿಕೆ ಎಳೆದಳು. ಗಾಲಿ ತಿರುಗಿತು, ತಿರುಗಿತು, ಟಕ್ಕೆಂದು ನಿಂತಿತು. ನಡುಗೆರೆಯ ಮೇಲೆ ಮೂರು ಏಳು.

ಗಂಟೆ ಬಡಿಯತೊಡಗಿತು, ತಟ್ಟೆಗೆ ರೂಪಾಯಿ ಸುರಿಯಿತು. ಅವಳು ಅವನ್ನು ಮುಟ್ಟಲಿಲ್ಲ. ಗಾಜಿಗೆ ಹಣೆ ಹಚ್ಚಿ, “ಇತ್ತು! ನೋಡು, ಇತ್ತು! ಸುಮ್ಮನ ಸಾಯಲಿಲ್ಲ ನನ್ನ ಗಂಡ!” ಎಂದು ಅತ್ತಳು. ಹೊರಗಿನಿಂದ ಮಂದಿ ಓಡಿ ಬಂದರು. ನನ್ನ ಕಣ್ಣಲ್ಲೂ ನೀರು ಬಂತು. ಪಾಪ ತೊಳೆಯಿತು ಎಂದುಕೊಂಡೆ. ಎಂಥ ದಡ್ಡ ನಾನು!

ಊಟ ಮುಗಿಸಿ ಬಂದ ಹಾಲೇಶಪ್ಪ ಮೊದಲು ಕೂಗಾಡಿದ. ಸಂಜೆಗೆ ಮಷೀನಿನ ಮುಂದೆ ಸಾಲು ನಿಂತದ್ದು ಕಂಡು ಹಲ್ಲು ಕಿರಿದು, “ಮತ್ತೆ ಬಂದ್ ಮಾಡು” ಎಂದ. ಮೇಣ ಕೆರೆದೆ, ಏಳಕ್ಕೆ ಬೆಸುಗೆ ತುಂಬಿದೆ. ಹೊಟ್ಟೆಪಾಡು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಮರುದಿನ ಹತ್ತು ಗಂಟೆಯ ಬಸ್ಸಿಗೆ ಭರಮಮ್ಮ ಇಳಿದಳು. ತುಂಬಿದ ಬುಟ್ಟಿಗಳನ್ನು ಬಾಗಿಲ ಬಳಿ ಇಟ್ಟು ಸೀದಾ ಸ್ಟೂಲಿಗೆ ಬಂದಳು.

“ನಿನ್ನೆ ಅವನು ಇಲ್ಲೇ ಇದ್ದ ಅಣ್ಣಾ. ಹಿಡಿಕಿ ಎಳಿಯುವಾಗ ನನ್ನ ಕೈ ಮ್ಯಾಲ ಕೈ ಇಟ್ಟಿದ್ದ. ಅವನು ತಂದ ಏಳು ಅದು. ಇವತ್ತೂ ಬರ್ತಾನ.”

ಮಧ್ಯಾಹ್ನದವರೆಗೆ ಆಡಿದಳು. ಬುಟ್ಟಿಯ ಮಲ್ಲಿಗೆ ಬಿಸಿಲಿಗೆ ಬಾಡಿತು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಎಂಟನೇ ದಿನ ನನಗೆ ತಡೆಯಲಾಗಲಿಲ್ಲ. ಅವಳ ರಟ್ಟೆ ಹಿಡಿದು ಮಷೀನಿನ ಹಿಂದೆ ಕರೆದೊಯ್ದೆ. ಬೆನ್ನು ಬಿಚ್ಚಿ ಕಚ್ಚು ತೋರಿಸಿದೆ, ಬೆಸುಗೆ ತೋರಿಸಿದೆ, ಸಂದಿಯಲ್ಲಿ ಉಳಿದಿದ್ದ ಮೇಣ ತೋರಿಸಿದೆ.

“ಏಳು ತಂದವ ನಾನು, ತಂಗೀ! ನಿನ್ನ ಗಂಡ ಓಡಿದಾಗ ಇಲ್ಲಿ ಏನೂ ಇರಲಿಲ್ಲ. ಬರದಂಗ ಮಾಡಿದವನೂ ನಾನೇ. ಬೈಯಿ, ಹೊಡಿ, ಆದ್ರ ಹೂವು ತಗೊಂಡು ಹೋಗು!”

ಭರಮಮ್ಮ ಬೆರಳ ತುದಿಯಿಂದ ಆ ಮೇಣ ಮುಟ್ಟಿದಳು. ಬೈಯುತ್ತಾಳೆಂದು ಕಾದೆ. ಅವಳು ಮೆತ್ತಗೆ ಕೇಳಿದಳು.

“ಇದನ್ನ ನಿನ್ನ ಕೈಲಿ ತುಂಬಿಸಿದವ ಯಾರಣ್ಣ?”

ಕಿರ್ರೆಂದ ಸ್ಟೂಲು ನೆನಪಾಯಿತು. ಖಾಲಿ ಅಂಗಡಿಯಲ್ಲಿ ನಾನು ಹೆಸರು ಹಿಡಿದು ಕೂಗಿದ್ದು ನೆನಪಾಯಿತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

“ನೀ ಮುಚ್ಚು ಬೇಕಾದ್ರ. ತರೋದಾದ್ರ ಅವನು ತರ್ತಾನ,” ಎಂದು ಅವಳು ಮುಂದೆ ಬಂದು ಹಿಡಿಕೆ ಎಳೆದಳು. ಎರಡು ಏಳು ಬಿದ್ದವು. ಹಳದಿ ದೀಪ ಮಿನುಗಿತು. ಹಿಡಿ ಒತ್ತಿ, ಸೆರಗು ತಡಕಿದಳು. ರೂಪಾಯಿ ಮುಗಿದಿತ್ತು, ಹತ್ತರ ನೋಟೊಂದೇ ಉಳಿದಿತ್ತು.

“ಕೊಡು, ಚಿಲ್ಲರಿ ನಾ ತರ್ತೀನಿ” ಎಂದೆ.

“ಬ್ಯಾಡ. ಇನ್ನೊಬ್ಬರ ಕೈಯಿಂದ ಬಂದದ್ದು ಆಗೋದಿಲ್ಲ. ಅವನೂ ತಾನೇ ತರ್ತಿದ್ದ.” ಹೆಗಲ ಮೇಲಿನ ಟವೆಲ್ಲನ್ನು ಸ್ಟೂಲಿನ ಮೇಲೆ ಹಾಕಿದಳು. “ನೋಡ್ಕೊಂತಿರು ಪಾಲಾಕ್ಷಣ್ಣ, ಬಂದೆ.”

ನನ್ನ ಹೆಸರು ನಾನು ಅವಳಿಗೆ ಹೇಳಿರಲಿಲ್ಲ. ಗಂಡ ಹೇಳಿರಬೇಕು, ಉಣ್ಣಲು ಕೂತಾಗ. ಹೌದು, ಹಾಗೇ ಇರಬೇಕು.

ಅವಳಿಗಿಂತ ಮೊದಲು ನಾನು ಹೊರಗೆ ಓಡಿದೆ. ಕೊಟ್ಟೂರು ಕಡೆಯಿಂದ ಮೆಕ್ಕೆಜೋಳದ ಲಾರಿ ಬರುತ್ತಿತ್ತು. ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿದೆ. ಡ್ರೈವರು ಬ್ರೇಕು ಒತ್ತಿ, “ಏ ಹುಚ್ಚ, ಸಾಯಾಕ ಬಂದೀಯೇನಲೇ!” ಎಂದು ಬೈದ. ಭರಮಮ್ಮ ನನ್ನ ಬೆನ್ನ ಹಿಂದಿನಿಂದ ದಾಟಿ ಹೋದಳು. ನಾನು ಕೈ ಇಳಿಸಲಿಲ್ಲ. ಅವಳು ತಿರುಗಿ ಬರಬೇಕಲ್ಲ.