ಪದದ ನಡುವಿನ ಉಸಿರು

ನಾನು ಒಂದು ಇಯರ್‌ಫೋನ್. ಬ್ರಹ್ಮನು ಮನುಷ್ಯರಿಗೆ ಒಂದು ಬಾಯಿಯನ್ನೂ ಎರಡು ಕಿವಿಗಳನ್ನೂ ಕೊಟ್ಟನು. ಕಾರ್ಖಾನೆಯವರು ನನಗೆ ಎರಡು ಬಾಯಿಗಳನ್ನೂ ಒಂದೇ ಕಿವಿಯನ್ನೂ ಕೊಟ್ಟರು. ಆ ಕಿವಿ ನನ್ನ ತಂತಿಯ ನಡುವೆ, ಬಟಾಣಿ ಗಾತ್ರದ ಗುಂಡಿಯೊಳಗಿದೆ. ಎಷ್ಟು ಮೆಲುದನಿಯಾದರೂ ಅದು ಹಿಡಿಯಬಲ್ಲದು.

ನಂಜನಗೂಡಿನ ಬಸ್ ನಿಲ್ದಾಣದ ಬಳಿಯ ಅಂಗಡಿಯಲ್ಲಿ ನನ್ನನ್ನು ಕೊಂಡವರು ಸಂಗೀತ ವಿದ್ವಾನ್ ಸದಾಶಿವಯ್ಯನವರು. ಸ್ನಾನ, ಸಂಧ್ಯಾವಂದನೆಗಳು ಮುಗಿದ ಮೇಲೆ ಪಂಚೆಯ ಅಂಚಿನಿಂದ ನನ್ನನ್ನು ಒರೆಸಿ, ಕಣ್ಣಿಗೊತ್ತಿಕೊಂಡೇ ಕಿವಿಗಿಡುತ್ತಿದ್ದರು. ನವವಿಧ ಭಕ್ತಿಗಳಲ್ಲಿ ಶ್ರವಣವೇ ಮೊದಲನೆಯದೆಂದು ಮಗಳು ಅಪರ್ಣೆಗೆ ಅವರು ಹೇಳುವಾಗ, ರುದ್ರಾಕ್ಷಿಯ ಪಕ್ಕದಲ್ಲಿ ತೂಗುತ್ತಿದ್ದ ನನಗೂ ಸ್ವಲ್ಪ ಹೆಮ್ಮೆಯಾಗುತ್ತಿತ್ತು.

ಆ ಸುಖ ಬಹುಕಾಲ ಉಳಿಯಲಿಲ್ಲ. ವಿದ್ವಾಂಸರ ಶ್ವಾಸಕೋಶಕ್ಕೆ ರೋಗ ತಗುಲಿತು. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ, ನನ್ನ ಗುಂಡಿಯನ್ನು ತುಟಿಯ ಬಳಿ ಹಿಡಿಯುವಂತೆ ಮಗಳಿಗೆ ಸನ್ನೆ ಮಾಡಿ, ಮನಸ್ಸಿನಲ್ಲೇ ಕಟ್ಟಿದ್ದ ಒಂದು ಪಲ್ಲವಿಯನ್ನು ಹಾಡಿದರು. 'ನೀನಿರಲು ಅಂಜೆನು ಶ್ರೀಕಂಠೇಶ್ವರ' ಎಂಬುದಷ್ಟೇ ಸಾಹಿತ್ಯ. ಫೋನು ಅದನ್ನು ಉಳಿಸಿಕೊಂಡಿತು.

"ವರ್ಷಾಬ್ದಿಕ ಮುಗಿದ ಮೇಲೆ ನನ್ನ ಪಟದ ಮುಂದೆ ಇದನ್ನ ಹಾಡು ಮಗಳೆ. ಬೇರೆ ಯಾರಿಗೂ ಹೇಳಿಕೊಟ್ಟಿಲ್ಲ. ನೀನು ಹಾಡದೇ ಹೋದ್ರೆ ಇದೂ ನನ್ನ ಜೊತೇಲೇ ಹೋಗತ್ತೆ," ಎಂದರು. ಆ ವಾರವೇ ಶಿವಸಾಯುಜ್ಯ ಹೊಂದಿದರು.

ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಯಜಮಾನ ತೀರಿಕೊಂಡರೆ ವರ್ಷ ತುಂಬುವವರೆಗೆ ಅಲ್ಲಿ ಶ್ರುತಿ ಹಿಡಿಯುವಂತಿಲ್ಲ. ತಾಯಿ ತ್ರಿಪುರಾಂಬೆ ತಂಬೂರಿಗೆ ಬಟ್ಟೆ ಸುತ್ತಿ ಅಟ್ಟಕ್ಕೆ ಏರಿಸಿದರು.

"ಬಾಯಲ್ಲೇ ಗುನುಗ್ಕೋತೀನಮ್ಮ. ಇಲ್ಲದಿದ್ರೆ ಅಣ್ಣನ ಪಲ್ಲವಿ ಗಂಟಲಿಗೆ ಕೂರಲ್ಲ," ಎಂದಳು ಅಪರ್ಣೆ. ತಂದೆಯನ್ನು ಅವಳು ಅಣ್ಣನೆಂದೇ ಕರೆಯುತ್ತಿದ್ದಳು.

"ಗುನುಗೋದೂ ಬೇಡ. ಅವರ ತಂದೆ ಹೋದಾಗ ಅವರೂ ವರ್ಷವಿಡೀ ಬಾಯಿ ಮುಚ್ಕೊಂಡೇ ಇದ್ರು. ನೀನೇನು ಅವರಿಗಿಂತ ದೊಡ್ಡ ವಿದುಷಿಯಾ?"

ಸಾಧನೆಯಿಲ್ಲದ ಕಂಠವು ತುಕ್ಕು ಹಿಡಿಯುತ್ತದೆ. ಪಲ್ಲವಿಯ ಸಂಗತಿಗಳು, ಸಾಲನ್ನು ಬೆಳೆಸುವ ಆ ಸ್ವರದ ತಿರುವುಗಳು, ಒಂದೊಂದಾಗಿ ಜಾರಿಹೋಗುತ್ತಿರುವುದನ್ನು ಅವಳು ಭಯದಿಂದ ಕಂಡಳು. ನದಿಯ ಮೆಟ್ಟಿಲಲ್ಲಿ ಕುಳಿತು ಹಾಡಿದರೆ ಊರು ತಾಯಿಗೆ ಹೇಳುತ್ತದೆ. ಓಡುವವರನ್ನಾದರೋ ಯಾರೂ ತಡೆಯುವುದಿಲ್ಲ. ತುಟಿಯಾಡಿದರೆ ಏದುಸಿರೆಂದು ತಿಳಿಯುತ್ತಾರೆ. ಆದ್ದರಿಂದ ಎಂದೂ ಓಡದಿದ್ದ ಆ ಹುಡುಗಿ ನನ್ನನ್ನು ಕಿವಿಗಿಟ್ಟುಕೊಂಡು ಕಪಿಲೆಯ ದಡದಲ್ಲಿ ಒಬ್ಬಳೇ ಓಡತೊಡಗಿದಳು.

ನಾನು ಅವಳ ಕಿವಿಯಲ್ಲಿ ಹಾಡಿದೆ, ಅವಳು ನನ್ನ ಬೆನ್ನಿಗೆ ಹಾಡಿದಳು. ಹೆಜ್ಜೆಯೇ ತಾಳವಾಯಿತು. 'ಶ್ರೀಕಂ' ಎನ್ನುವಲ್ಲಿ ವಿದ್ವಾಂಸರಿಗೆ ದಮ್ಮು ಕಟ್ಟಿತ್ತು; ಅಲ್ಲಿ ಒಮ್ಮೆ ಉಸಿರೆಳೆದು ಅನಂತರವೇ 'ಠೇಶ್ವರ' ಎಂದಿದ್ದರು. ಓಟದ ಆಯಾಸದಲ್ಲಿ ಅಪರ್ಣೆಯೂ ಅಲ್ಲಿಯೇ ಉಸಿರೆಳೆಯುತ್ತಿದ್ದಳು. ಸತ್ತವರ ಉಸಿರೂ ಬದುಕಿರುವವಳ ಉಸಿರೂ ದಿನದಿನವೂ ಒಂದೇ ಎಡೆಯಲ್ಲಿ ಕೂಡುತ್ತಿದ್ದವು. ಆ ಎಡೆ ದಾಟಿದೊಡನೆ ಅವಳ ಕಣ್ಣೀರು ನನ್ನ ತಂತಿಯ ಮೇಲೆ ಇಳಿಯುತ್ತಿತ್ತು.

"ಯಾಕವ್ವಾ ಹಿಂಗ್ ಓಡೀಯೆ? ನಿನ್ ಹಿಂದೆ ಒಂದ್ ನಾಯೂ ಬರ್ತಿಲ್ವಲ್ಲ," ಎಂದಳು ದಡದಲ್ಲಿ ಹೂ ಕಟ್ಟುತ್ತಿದ್ದ ಪುಟ್ಟಮಾದಮ್ಮ.

"ಆರೋಗ್ಯಕ್ಕೆ ಕಣಮ್ಮ."

"ಆರೋಗ್ಯಕ್ಕೆ ಓಡೋರು ಅಳ್ತಾರಾ? ನಿಂತ್ಕೊಂಡು ಅಳವ್ವ, ಸುಸ್ತಾದ್ರೂ ಕಮ್ಮಿ ಆಯ್ತದೆ."

ಅವಳು ನಿಲ್ಲಲಿಲ್ಲ. ಬೆವರಿಳಿದು ನನ್ನ ಎಡದ ಬಾಯಿ ಮೂಕವಾಯಿತು. ಬಲದ್ದರಿಂದಲೇ ವರ್ಷ ಕಳೆಯಿತು.

ವರ್ಷಾಬ್ದಿಕದ ಮರುದಿನ ತಂಬೂರಿ ಕೆಳಗಿಳಿಯಿತು. ವಿದ್ವಾಂಸರಿಗೆ ಜೀವಮಾನವಿಡೀ ಪಿಟೀಲು ನುಡಿಸಿದ್ದ ಚಂದ್ರಮೌಳಿಗಳು ಪಕ್ಕದಲ್ಲಿ ಕುಳಿತರು. ಅಪರ್ಣೆ ನನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹಾಡಿದಳು. ಒಂದು ಸಂಗತಿಯೂ ತಪ್ಪಲಿಲ್ಲ.

"ಕಂಠ ಉಳಿಸಿಕೊಂಡಿದೀಯ ಮಗೂ," ಎಂದರು ಚಂದ್ರಮೌಳಿಗಳು. "ಆದ್ರೆ 'ಶ್ರೀಕಂ' ಅಂತ ನಿಲ್ಲಿಸಿ ಉಸಿರು ತಗೊಂಡ್ಯಲ್ಲ, ದೇವರ ಹೆಸರನ್ನ ಎರಡು ತುಂಡು ಮಾಡಿದ ಹಾಗಾಯ್ತು. ನಿಮ್ಮಪ್ಪ ಎಂದೂ ಪದ ಒಡೆದೋರಲ್ಲ."

"ಅಣ್ಣ ಹಾಗೇ ಹಾಡಿದ್ದು ಮಾವ."

ಯಾರೂ ಒಪ್ಪಲಿಲ್ಲ. ಅವಳು ನನ್ನ ಬಲದ ಬಾಯಿಯನ್ನು ತಾಯಿಯ ಕಿವಿಗಿಟ್ಟಳು. ತ್ರಿಪುರಾಂಬೆ ಆ ಧ್ವನಿಮುದ್ರಿಕೆಯನ್ನು ಅಲ್ಲಿಯವರೆಗೆ ಕೇಳಿರಲಿಲ್ಲ. ಕಣ್ಣು ಮುಚ್ಚಿ ಕೇಳಿದರು. ಆ ಎಡೆ ಬಂದಾಗ ಅವರ ಕೈ ಎದೆಗೆ ಹೋಯಿತು. ನನ್ನನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು.

"ಇದು ಹಾಡಲ್ಲ ಕಣೇ. ಇಲ್ಲಿ ಅವರಿಗೆ ಉಸಿರು ಸಿಕ್ತಿರಲಿಲ್ಲ, ಅಷ್ಟೆ. ತಿದ್ಕೋ. ಅವರಿದ್ದಿದ್ರೆ ಅವರೇ ತಿದ್ದಿರೋರು."

"ತಿದ್ದಿದ್ರೆ ಅದರಲ್ಲಿ ಅಣ್ಣ ಇರಲ್ಲಮ್ಮ."

ತಾಯಿ ತಂಬೂರಿಯನ್ನು ಮಡಿಲಿಗೆಳೆದುಕೊಂಡು ಮೀಟಿದರು. "ಹಾಡು," ಎಂದರು.

ಅಪರ್ಣೆ ಹಾಡಿದಳು, ಉಸಿರು ಅಲ್ಲಿಯೇ ಬಿದ್ದಿತು. ಮತ್ತೆ ಹಾಡಿದಳು; ಮತ್ತೆ ಬಿದ್ದಿತು. ಅಂದಿನಿಂದ ಅವಳು ನನ್ನನ್ನು ಮನೆಯಲ್ಲೇ ಬಿಟ್ಟು, ಆ ಉಸಿರನ್ನು ಮರೆಯಲೆಂದು ದಡದಲ್ಲಿ ಓಡಿದಳು. ನನ್ನ ತಂತಿಯೂ ಒಳಗೆ ತುಂಡಾಗಿತ್ತು. ವಿದ್ವಾಂಸರ ವಿಭೂತಿ ಗಟ್ಟಿಯಿರುವ ಮೇಜಿನ ಡ್ರಾಯರಿನಲ್ಲಿ ನನ್ನನ್ನು ಇರಿಸಲಾಯಿತು.

ಒಂದು ಮುಂಜಾನೆ ನಡುಮನೆಯಿಂದ ಪಲ್ಲವಿ ಕೇಳಿಸಿತು. 'ಶ್ರೀಕಂಠೇಶ್ವರ' ಎಂಬ ನಾಮವು ಒಡೆಯದೆ, ಒಂದೇ ಉಸಿರಿನಲ್ಲಿ, ಪೂರ್ಣವಾಗಿ ಬಂದಿತು. ತಂಬೂರಿಯು ಒಂದು ಮೀಟು ತಪ್ಪಿ ಮುಂದುವರಿಯಿತು.

ಈಗ ಅವಳು ಅದನ್ನು ಶಿಷ್ಯರಿಗೂ ಹೇಳಿಕೊಡುತ್ತಿದ್ದಾಳೆ. ಪಲ್ಲವಿ ಉಳಿಯಿತು, ಉಳಿಯಬೇಕಾದದ್ದು ಅದೇ ಎಂದು ಶಾಸ್ತ್ರವೂ ಹೇಳುತ್ತದೆ. ನಾನು ಶಾಸ್ತ್ರವನ್ನು ಓದಿದವನಲ್ಲ. ಕತ್ತಲಲ್ಲಿ ಮಲಗಿ ಕೇಳುತ್ತೇನೆ. ಆ ಎಡೆ ಬಂದಾಗ ನಾನಿನ್ನೂ ನಿಲ್ಲುತ್ತೇನೆ, ಹಾಡು ನಿಲ್ಲುವುದಿಲ್ಲ.